ಕಾಣೆಯಾದ ಪಕ್ಕದ ಮನೆಯಾಕೆ

ಗೇಟಿಗೆ ಸರಪಳಿ ಬಿಗಿದಿತ್ತು. ಸರಪಳಿಯಲ್ಲಿ ಬೀಗ ಜೋತುಬಿದ್ದಿತ್ತು.

ಸಾಮಾನು ತಂದ ಲಾರಿ ಆಗಷ್ಟೇ ತಿರುಗಿ ಹೋಗಿತ್ತು. ಹೊಸ ಮನೆಯ ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಗಳು ಎದೆಯೆತ್ತರಕ್ಕೆ ನಿಂತಿದ್ದವು. ಮೈಯೆಲ್ಲ ಧೂಳು. ಆದರೂ ಆಕೆ ಒಂದು ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ಸೀದಾ ಪಕ್ಕದ ಮನೆಗೆ ಓಡಿದರು. "ನಾವು ಬಂದ್ವಿ" ಎಂದು ಹೇಳಬೇಕಿತ್ತು. ಅಷ್ಟೇ.

ಗೇಟಿನ ಕಂಬಿಗಳ ನಡುವಿನಿಂದ ಇಣುಕಿದರು. ಅಂಗಳದ ತುಂಬ ಒಣ ಎಲೆ. ಕಿಟಕಿಗಳಿಗೆ ಒಳಗಿನಿಂದ ಹಳೆಯ ಪತ್ರಿಕೆ ಅಂಟಿಸಿದೆ. ಕರೆಂಟ್ ಮೀಟರ್ ಇರಬೇಕಾದ ಜಾಗದಲ್ಲಿ ಬರೀ ತೂತುಗಳು, ಎರಡು ತುಂಡು ವೈರು.

ಇದೇ ಮನೆಯ ಹೆಂಗಸಿನ ಜೊತೆ ಅವರು ಮೂರು ಸಲ ಮಾತಾಡಿದ್ದರು. ನಕ್ಕಿದ್ದರು. ಒಮ್ಮೆ ಅತ್ತೂ ಇದ್ದರು.

ಬೀದಿಯ ಆ ಕೊನೆಯಲ್ಲಿ ಮುದುಕರೊಬ್ಬರು ಗಿಡಗಳಿಗೆ ನೀರು ಬಿಡುತ್ತಿದ್ದರು. ಆಕೆ ಅಲ್ಲಿಗೂ ಹೋದರು.

"ಈ ಮನೆಯವರು ಎಲ್ಲಿಗೆ ಹೋದ್ರು?"

"ಯಾವ ಮನೆಯವರು? ಅಲ್ಲಿ ಯಾರೂ ಇಲ್ವಲ್ಲಮ್ಮ. ನಾನು ಇಲ್ಲಿಗೆ ಬಂದಾಗಿನಿಂದ ಅದು ಖಾಲೀನೇ."

ಮುದುಕರು ನೀರಿನ ಪೈಪನ್ನು ಇನ್ನೊಂದು ಗಿಡಕ್ಕೆ ತಿರುಗಿಸಿದರು. ಮಾತು ಮುಗಿಯಿತು.

* * *

ಇದನ್ನೆಲ್ಲ ಆಕೆ ನಮಗೆ ಹೇಳಿದ್ದು ಮರುದಿನ ಬೆಳಗ್ಗೆ, ನಮ್ಮ ಆಫೀಸಿನಲ್ಲಿ.

ನಮ್ಮ ಆಫೀಸು ಎಂದರೆ ಮೇಡಂ ಅವರದು. ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಹೊಲಿಗೆ ಅಂಗಡಿಯೊಂದರ ಮಹಡಿಯಲ್ಲಿ ಖಾಸಗಿ ಪತ್ತೇದಾರಿಕೆ ಶುರುಮಾಡಿದರು. ನಾನು ಅವರ ಸ್ಟೇಷನ್ನಿನಲ್ಲಿ ಜನರ ಹೇಳಿಕೆ ಬರೆದುಕೊಳ್ಳುತ್ತಿದ್ದವನು. ಆ ಕೆಲಸಕ್ಕೆ 'ರೈಟರ್' ಎನ್ನುತ್ತಾರೆ. ಕೆಲಸ ಹೋದರೂ ಹೆಸರು ಬಿಡಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಇದೇ ವಾಸಿ ಎಂದು ಇಲ್ಲಿಗೆ ಬಂದು ಸೇರಿಕೊಂಡೆ. ಕೆಳಗೆ ಹೊಲಿಗೆ ಯಂತ್ರಗಳ ಸದ್ದು. ಮೇಲೆ ನಾವಿಬ್ಬರು, ಒಂದು ಫ್ಯಾನು.

ಆಕೆ ಒಳಗೆ ಬಂದವರೇ ಎದುರಿನ ಕುರ್ಚಿಯಲ್ಲಿ ಕೂರಲಿಲ್ಲ. ಅದನ್ನು ಎಳೆದುಕೊಂಡು ಮೇಜಿನ ಇನ್ನೊಂದು ಮಗ್ಗುಲಿಗೆ ಹೋಗಿ ಮೇಡಂ ಹತ್ತಿರವೇ ಕೂತರು.

"ಕಿಟಕಿ ಬೆಳಕು ಕಣ್ಣಿಗೆ ಹೊಡೆಯುತ್ತೆ" ಅಂದರು.

ಹೊರಗೆ ಮೋಡ ಕವಿದಿತ್ತು. ಇರಲಿ, ಒಬ್ಬೊಬ್ಬರದು ಒಂದೊಂದು ಅಭ್ಯಾಸ. ಗೋಡೆ ಬದಿಯ ನನ್ನ ಮೇಜಿನಿಂದ "ವಿಳಾಸ ಹೇಳಿಮ್ಮ" ಅಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಆಕೆ ತಿರುಗಿಯೂ ನೋಡಲಿಲ್ಲ. ನನಗೆ ಸ್ವಲ್ಪ ಮುಖಭಂಗವಾಯಿತು.

"ಪೊಲೀಸರ ಹತ್ರ ಹೋಗಿದ್ರಾ?" ಮೇಡಂ ಕೇಳಿದರು.

"ಹೋಗಿದ್ದೆ. 'ಕಾಣೆಯಾದೋರ ಹೆಸರೇನು?' ಅಂದ್ರು. ಗೊತ್ತಿಲ್ಲ ಅಂದೆ. 'ಹೆಸರೇ ಗೊತ್ತಿಲ್ಲದೋರು ಹೇಗಮ್ಮ ಕಾಣೆಯಾಗ್ತಾರೆ?' ಅಂತ ನಕ್ಕರು."

"ಮೂರು ಸಲ ಮಾತಾಡಿ ಹೆಸರು ಕೇಳಲಿಲ್ವಾ?"

"ಅವಳು ಅಕ್ಕಾ ಅಂದ್ಲು. ನಾನು ಬಾಮ್ಮ, ಹೋಗಮ್ಮ ಅಂದೆ. ಹೆಸರಿನ ನೆನಪೇ ಆಗಲಿಲ್ಲ."

"ನಿಮ್ಮ ಯಜಮಾನ್ರು ಏನಂತಾರೆ?"

"'ಯಾರೋ ದಾರಿಹೋಕರು ಇರ್ಬೇಕು, ತಲೆ ಕೆಡಿಸ್ಕೋಬೇಡ, ಬಿಡು' ಅಂತಾರೆ." ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ತಂಗಿ ಹೋದಮೇಲೆ ನಾನು ಸ್ವಲ್ಪ... ಹೀಗೇ ಇದ್ದೀನಿ. ಅದಕ್ಕೇ ಎಲ್ಲರೂ ನನ್ನದೇ ಭ್ರಮೆ ಅಂದ್ಕೋತಾರೆ."

"ಮೊದಲಿಂದ ಹೇಳಿ. ಆ ಮನೆಯನ್ನೇ ಯಾಕೆ ತಗೊಂಡ್ರಿ?"

ಆಕೆ ಹೇಳಿದರು. ಊರ ನಡುವಿನ ಫ್ಲಾಟಿನಲ್ಲಿ ಇದ್ದರಂತೆ. ತಂಗಿಯ ಸಂಸಾರ ಕೆಳಗಿನ ಮಹಡಿಯಲ್ಲಿ. ದಿನಕ್ಕೆ ಹತ್ತು ಸಲ ಮೇಲೆ ಕೆಳಗೆ ಓಡಾಟ. ಹೋದ ವರ್ಷ ತಂಗಿ ಕಾಯಿಲೆ ಬಿದ್ದು ತೀರಿಕೊಂಡಳು. ತಂಗಿಯ ಗಂಡ ಮನೆಗೆ ಬೀಗ ಹಾಕಿಕೊಂಡು ತನ್ನವರ ಕಡೆ ಹೊರಟುಹೋದ. ಆಮೇಲೆ ಈಕೆಯ ಗಂಡನಿಗೆ ಸ್ವಂತ ಮನೆಯ ಹುಚ್ಚು ಹತ್ತಿತು. ಫ್ಲಾಟು ಸಾಕು, ಸುತ್ತ ಜಾಗ ಇರುವ ಒಂಟಿ ಮನೆ ಬೇಕು, ಮಗಳಿಗೊಂದು ರೂಮು ಬೇಕು.

"ಎಲ್ಲೆಲ್ಲಿ ನೋಡಿದ್ರಿ?"

"ಹಳೇ ಮಾರ್ಕೆಟ್ ಹಿಂದೆ ಒಂದು. ನನಗೆ ಹಿಡಿಸಿತ್ತು. ಸಂಜೆ ಆದ್ರೆ ಜನ ಮೆಟ್ಟಿಲ ಮೇಲೆ ಕೂತಿರ್ತಾರೆ. ಇವರು ನಾಳೆ ಕಾರು ತಗೊಂಡ್ರೆ ಎಲ್ಲಿ ನಿಲ್ಸೋದು ಅಂದ್ರು. ಕೆರೆ ಪಕ್ಕ ಒಂದು, ಸ್ಕೂಲು ಚೆನ್ನಾಗಿದೆ, ರಸ್ತೆ ಚೆನ್ನಾಗಿದೆ, ನಮ್ಮ ಕೈಗೆ ಎಟುಕಲ್ಲ. ಕೊನೇಲಿ ಇದು. ಊರಾಚೆ, ಹೊಸ ಬಡಾವಣೆ. ಇವರ ಕಾರ್ಖಾನೆ ಅಲ್ಲೇ ಹತ್ರ. ಮನೆಗೇನೂ ಹೆಸರಿಡೋ ಹಾಗಿಲ್ಲ. ಗಾಳಿ, ಬೆಳಕು, ಹಿಂದೆ ಮರ. ಆದ್ರೆ ಬೀದೀಲಿ ಒಂದು ನರಪಿಳ್ಳೆ ಇಲ್ಲ. ಒಲ್ಲೆ ಅಂತ ಹೇಳೋದ್ರಲ್ಲಿದ್ದೆ. ಆಗ ಅವಳು ಬಂದ್ಲು."

"ಹೇಗೆ ಬಂದ್ಲು? ಏನನ್ನೂ ಬಿಡದೆ ಹೇಳಿ."

"ಇವರು, ಬ್ರೋಕರು, ಮನೆ ಮಾರೋ ಡಾಕ್ಟ್ರು— ಮೂವರೂ ಮುಂದುಗಡೆ ಮಾತಾಡ್ತಿದ್ರು. ಮಗಳು ಅವತ್ತು ಬಂದಿರಲಿಲ್ಲ, ಪರೀಕ್ಷೆ ಇತ್ತು. ನಾನು ಹಿತ್ತಲಲ್ಲಿ ಒಬ್ಬಳೇ ನಿಂತಿದ್ದೆ. ಕಾಂಪೌಂಡಿನ ಆಕಡೆ, ಮೂಲೇಲಿ ಕಾಣಿಸ್ಕೊಂಡ್ಲು. ನೋಡಿ ನಕ್ಕಳು. ಆದ್ರೆ ಅಲ್ಲಿಂದ್ಲೇ ಕೂಗಲಿಲ್ಲ ನೋಡಿ. ಗೋಡೆಗುಂಟ ನನ್ನ ದಾಟ್ಕೊಂಡು ಈ ಪಕ್ಕಕ್ಕೆ ಬಂದು, ಹತ್ರ ನಿಂತು, ಆಮೇಲೆ 'ಅಕ್ಕಾ, ಮನೆ ಹಿಡಿಸ್ತಾ?' ಅಂದ್ಲು. ತಗ್ಗಿದ ದನಿ. ಈಗಿನ ಕಾಲದಲ್ಲಿ ಅಷ್ಟು ನಯ ಯಾರಿಗಿದೆ ಹೇಳಿ? ಎಲ್ಲರೂ ದೂರದಿಂದ್ಲೇ ಕಿರಿಚ್ತಾರೆ."

"ಮತ್ತೆ?"

"ಎರಡನೇ ಸಲ ಅವಳ ವರಾಂಡದಲ್ಲೇ ಕೂತ್ವಿ. ಒಳಗೆ ಸುಣ್ಣ ಬಣ್ಣ ನಡೀತಿದೆ ಅಂದ್ಲು. ಫ್ಲಾಸ್ಕಿಂದ ಟೀ ಬಗ್ಗಿಸಿ ಕೊಟ್ಲು. ಮೂರನೇ ಸಲ..." ಆಕೆ ನಿಲ್ಲಿಸಿದರು. "ಮೂರನೇ ಸಲ ಯಾರಿಗೂ ಹೇಳದ್ದನ್ನ ಅವಳಿಗೆ ಹೇಳ್ದೆ. 'ನೀವು ಬನ್ನಿ ಅಕ್ಕಾ, ನನಗೂ ಒಂದು ಜೊತೆ ಆಗುತ್ತೆ' ಅಂದ್ಲು. ಅವತ್ತೇ ಇವರಿಗೆ ಹೂಂ ಅಂದೆ. ನಾನು ಮನೆ ನೋಡಿ ಒಪ್ಪಲಿಲ್ಲ ಮೇಡಂ. ಅವಳನ್ನ ನೋಡಿ ಒಪ್ಪಿದ್ದು. ಅಂಥೋಳು ಹೇಳದೆ ಕೇಳದೆ ಹೋಗ್ತಾಳಾ? ಅವಳಿಗೆ ಏನೋ ಆಗಿದೆ. ಯಾರೋ ಏನೋ ಮಾಡಿದ್ದಾರೆ."

ಮೇಡಂ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಬನ್ನಿ, ನೋಡೋಣ."

* * *

ಬಸ್ಸು ನಮ್ಮನ್ನು ಇಳಿಸಿ ಖಾಲಿಯಾಗಿ ಮುಂದೆ ಹೋಯಿತು. ಅಗಲವಾದ ರಸ್ತೆ. ರಸ್ತೆಯ ಇಕ್ಕೆಲದಲ್ಲೂ ಖಾಲಿ ಸೈಟು, ಆಳೆತ್ತರದ ಹುಲ್ಲು. ಅಲ್ಲೊಂದು ಇಲ್ಲೊಂದು ಮನೆ— ಹಲ್ಲುದುರಿದ ಬಾಯಿಯ ಹಾಗೆ. ದೀಪದ ಕಂಬಗಳಿದ್ದವು, ಬಲ್ಬುಗಳಿರಲಿಲ್ಲ. ಒಂದು ಅಂಗಡಿಯಿಲ್ಲ, ಒಂದು ಸೈಕಲ್ಲಿಲ್ಲ. ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತಿತ್ತು.

ಬ್ರೋಕರ್ ಕೀಲಿಕೈ ಗೊಂಚಲು ಹಿಡಿದುಕೊಂಡು ಕಾಯುತ್ತಿದ್ದ. ಸಣಕಲು ಮನುಷ್ಯ, ಕೈಯಲ್ಲಿ ಎರಡು ಫೋನು. ಒಂದರಲ್ಲಿ ಮಾತಾಡುತ್ತಿರುವಾಗಲೇ ಇನ್ನೊಂದನ್ನು ನೋಡುತ್ತಿದ್ದ.

"ನಾನ್ಯಾರಿಗೂ ಕೀ ಕೊಟ್ಟಿಲ್ಲ ಮೇಡಂ. ಆ ಮನೆ ಓನರು ಬೇರೆ ಊರಲ್ಲಿದ್ದಾರೆ. ಬಾಡಿಗೆಗೆ ಗಿರಾಕಿ ನೋಡು ಅಂತ ನನ್ನ ಹತ್ರ ಬಿಟ್ಟಿದ್ದಾರೆ, ಅಷ್ಟೇ."

"ನಿಮ್ಮನ್ನ ನಾನಿನ್ನೂ ಏನೂ ಕೇಳೇ ಇಲ್ವಲ್ಲ!" ಎಂದರು ಮೇಡಂ.

ಅವನು ಬೀಗ ತೆಗೆದ. ಅಂಗಳದಲ್ಲಿ ಕಾಲಿಟ್ಟರೆ ಎಲೆ ಹಿಮ್ಮಡಿ ಮುಚ್ಚುವಷ್ಟು. ಅಡಿಯಲ್ಲಿ ಕೊಳೆತು ಕಪ್ಪಾದದ್ದು, ಮೇಲೆ ಹೊಸದು. ಆದರೆ ವರಾಂಡದಲ್ಲಿ? ಅಲ್ಲಿ ಒಂದೇ ಪದರ. ಮೇಡಂ ಬಗ್ಗಿ ಒಂದು ಎಲೆ ಎತ್ತಿದರು. ಕೆಳಗೆ ನೆಲ ಶುಭ್ರವಾಗಿತ್ತು.

"ರೈಟರೇ, ಖಾಲಿ ಮನೆಯ ವರಾಂಡನ ಇತ್ತೀಚೆಗೆ ಯಾರೋ ಗುಡಿಸಿದ್ದಾರೆ."

ಆ ತಾಯಿಯ ಮುಖ ನೋಡಬೇಕಿತ್ತು. "ನಾನು ಹೇಳಲಿಲ್ವಾ?" ಅಂದರು. "ನಾನು ಹೇಳಲಿಲ್ವಾ? ಇಲ್ಲೇ ಕೂತಿದ್ವಿ!" ತನಗೆ ಹುಚ್ಚು ಹಿಡಿದಿಲ್ಲ ಎಂದು ಗೊತ್ತಾದವರ ಮುಖ ಅದು. ನಾನು ಬೇರೆ ಕಡೆ ತಿರುಗಿಕೊಂಡೆ.

ಮೇಡಂ ಮನೆಯ ಸುತ್ತ ಒಂದು ಸುತ್ತು ಬಂದರು. ಒಳಗೂ ಹೋದರು. ಎಲ್ಲ ಕೋಣೆಯಲ್ಲೂ ಧೂಳು, ಧೂಳಿನ ಮೇಲೆ ಒಂದು ಹೆಜ್ಜೆಯ ಗುರುತೂ ಇಲ್ಲ. ಬಂದವಳು ವರಾಂಡ ದಾಟಿ ಒಳಗೆ ಕಾಲಿಟ್ಟಿರಲಿಲ್ಲ.

ಆಕೆ ತಮ್ಮ ಮನೆಯ ಕಡೆ ನಡೆದರು. ಬ್ರೋಕರ್ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಏನೋ ಹೇಳಿದ. ಆಕೆ ಲಕ್ಷ್ಯವನ್ನೇ ಕೊಡಲಿಲ್ಲ. ಅವನು ಹಿಂದುಳಿದು ನಮ್ಮ ಹತ್ತಿರ ಬಂದ.

"ನೋಡಿದ್ರಾ? ಮೊದಲಿಂದ್ಲೂ ಹೀಗೇ. ಮನೆ ತೋರಿಸ್ದಾಗ್ಲೂ ಅಷ್ಟೇ. ಒಂದೊಂದು ಸಲ ನಗ್ತಾ ಮಾತಾಡ್ತಾರೆ. ಒಂದೊಂದು ಸಲ ನಾನೇನು ಗಾಳೀನೋ ಅನ್ನೋ ಹಾಗೆ ಹೋಗ್ತಾರೆ. ಸ್ವಲ್ಪ ಗತ್ತು ಜಾಸ್ತಿ ಆಯಮ್ಮನಿಗೆ."

ನನಗೂ ಹಾಗೇ ಅನಿಸಿತ್ತು. ಆದರೆ ಅದನ್ನು ಆ ಮನುಷ್ಯನ ಬಾಯಿಂದ ಕೇಳಿದಾಗ ಯಾಕೋ ನಾಚಿಕೆಯಾಯಿತು.

* * *

ಮನೆ ಮಾರಿದವರು ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಊರೊಳಗೆ. ಒಬ್ಬ ರೋಗಿಯನ್ನು ಬಾಯಿ ತೆರೆಸಿ ಮಲಗಿಸಿಕೊಂಡೇ ನಮ್ಮ ಜೊತೆ ಮಾತಾಡಿದರು.

"ಯಾಕೆ ಮಾರಿದ್ರಿ ಡಾಕ್ಟ್ರೇ?"

"ಇನ್ನೇನು ಮಾಡ್ಲಿ? ಊರು ಬೆಳೆಯುತ್ತೆ, ಪಕ್ಕದಲ್ಲಿ ಜನ ಬರ್ತಾರೆ ಅಂತ ಕಟ್ಟಿಸ್ದೆ. ಯಾರು ಬಂದ್ರು? ನಮ್ಮ ಹೆಂಡ್ತಿ ಸಂಜೆ ಹೊತ್ತು ರೇಡಿಯೋ ಜೋರಾಗಿ ಇಡೋಳು, ಮನೇಲಿ ಜನ ಇದ್ದಾರೆ ಅನ್ನಿಸ್ಲಿ ಅಂತ. ಸಾಕಪ್ಪಾ ಅನ್ನಿಸ್ತು... ಬಾಯಿ ಮುಚ್ಚಬೇಡಿ, ಇನ್ನೂ ಇದೆ."

ಕೊನೆಯದು ರೋಗಿಗೆ ಹೇಳಿದ ಮಾತು.

"ಅಂದ್ರೆ ಪಕ್ಕದ ಮನೇಲಿ ಯಾರೂ ಇರಲಿಲ್ಲ?"

"ಯಾವತ್ತೂ ಇರಲಿಲ್ಲ."

"ಆದ್ರೆ ಅವರು ಮನೆ ನೋಡೋಕೆ ಬಂದಾಗ ಕಾಂಪೌಂಡ್ ಹತ್ರ ಒಬ್ಬ ಹೆಂಗಸನ್ನ ನೋಡಿದ್ರಾ?"

"ಹೂಂ, ನೋಡ್ದೆ. ನಾನು ಅವರ ಕಡೆಯೋಳೇ ಅಂದ್ಕೊಂಡೆ. ಅವರ ಜೊತೇಲೇ ಬಂದು ಜಾಗ ನೋಡ್ತಿದ್ದಾಳೆ ಅಂತ."

"ಮನೆ ಕೊಂಡ ಯಜಮಾನತಿ ಜೊತೆ ನೀವು ಮಾತಾಡಿದ್ರಾ?"

"ಏನು ಮಾತು? ಕೋಣೆ ಕೋಣೆ ತೋರಿಸ್ತಾ ಪಕ್ಕದಲ್ಲೇ ನಡೀತಿದ್ದೆ. ಪರದೆಗಳನ್ನ ಇಲ್ಲೇ ಬಿಟ್ಟು ಹೋಗ್ಲಾ ಅಂತ ಕೇಳ್ದೆ, ಎರಡು ಸಲ. ಊಹೂಂ. ಬೇಡ ಅಂತಾದ್ರೂ ಹೇಳ್ಬಾರ್ದಾ? ನಾನೇ ಬಿಚ್ಕೊಂಡು ಬಂದೆ."

ಹೊರಗೆ ಬಂದಾಗ ನಾನು ಅಂದೆ: "ಮೇಡಂ, ಇದು ಬ್ರೋಕರನದೇ ಕೆಲಸ. ಕೀ ಅವನ ಹತ್ರ. ಮನೆ ಮಾರಾಟ ಆದ್ರೆ ಅವನಿಗೆ ಲಾಭ. ಯಾರನ್ನೋ ತಂದು ನಿಲ್ಲಿಸಿದ್ದಾನೆ. ಇಲ್ಲಾಂದ್ರೆ ಈ ಡಾಕ್ಟ್ರು. ಕೊಳ್ಳೋರೇ ಸಿಗದ ಮನೆ ಅದು."

"ಹೌದು, ತಂದು ನಿಲ್ಲಿಸಿದ್ದು ನಿಜ. ಆದ್ರೆ ರೈಟರೇ, ಇವತ್ತು ಬೆಳಗ್ಗೆ ನೀವು ವಿಳಾಸ ಕೇಳಿದ್ರಲ್ಲ, ಆಕೆ ಯಾಕೆ ಉತ್ತರ ಕೊಡಲಿಲ್ಲ?"

"ಗತ್ತು ಇರ್ಬೇಕು."

ಮೇಡಂ ನನ್ನನ್ನು ಕನಿಕರದಿಂದ ನೋಡಿದರು.

* * *

ಸಂಜೆ ಮತ್ತೆ ಆ ಮನೆಗೆ ಹೋದೆವು. ಬ್ರೋಕರನಿಗೂ ಬರಹೇಳಿದ್ದರು ಮೇಡಂ. ಪೆಟ್ಟಿಗೆಗಳು ಇನ್ನೂ ಹಾಗೇ ಇದ್ದವು. ಕೂರಲು ಜಾಗವಿಲ್ಲದೆ ಒಂದೊಂದು ಪೆಟ್ಟಿಗೆಯ ಮೇಲೆ ಕೂತೆವು. ಪರದೆಯಿಲ್ಲದ ಕಿಟಕಿಗಳಲ್ಲಿ ಬರೀ ಹುಲ್ಲು, ಆಚೆ ಬರೀ ಆಕಾಶ. ಯಾರೊಬ್ಬರ ಮನೆಯ ದೀಪವೂ ಕಾಣುವುದಿಲ್ಲ. ಮಗಳು ಒಳಕೋಣೆಯಲ್ಲಿ ಓದುತ್ತಿದ್ದಳು.

ಗಂಡ ಕಾರ್ಖಾನೆಯಿಂದ ಬಂದರು. ಕುಲುಮೆ ವಿಭಾಗದ ಮೇಲ್ವಿಚಾರಕರು. ದಣಿದ, ಮೆತ್ತನೆಯ ಮುಖದ ಮನುಷ್ಯ. ನಮ್ಮನ್ನು ನೋಡಿ ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಹೆಂಡತಿ ಕೂತಿದ್ದದ್ದು ಬಾಗಿಲ ಹತ್ತಿರವೇ, ಕೈಗೆಟುಕುವಷ್ಟು ಹತ್ತಿರ. ಆದರೂ ಅವರು ಅಲ್ಲಿಂದ ಮಾತಾಡಿಸಲಿಲ್ಲ. ಎರಡು ಪೆಟ್ಟಿಗೆ ಸರಿಸಿ, ಒಂದನ್ನು ದಾಟಿ, ಆಕೆಯ ಇನ್ನೊಂದು ಪಕ್ಕಕ್ಕೆ ಬಂದು ಬಗ್ಗಿ, "ಊಟ ಮಾಡಿದ್ಯಾ?" ಅಂದರು.

ಮೇಡಂ ನನ್ನ ಕಡೆ ನೋಡಿದರು. ಆಗ— ಆಗ ಮಾತ್ರ— ನನ್ನ ತಲೆಯಲ್ಲಿ ಏನೋ ಹೊಳೆಯಿತು.

"ಕೂತ್ಕೊಳ್ಳಿ ಸಾರ್" ಎಂದರು ಮೇಡಂ. "ಆ ಹೆಂಗಸಿಗೆ ಏನೂ ಆಗಿಲ್ಲ. ಯಾರೂ ಆಕೇನ ಕೊಂದಿಲ್ಲ, ಹೊತ್ಕೊಂಡು ಹೋಗಿಲ್ಲ. ಆಕೆ ಯಾವತ್ತೂ ಪಕ್ಕದ ಮನೇಲಿ ಇರಲೇ ಇಲ್ಲ. ಈ ಅಮ್ಮ ಮನೆ ನೋಡೋಕೆ ಬಂದಾಗಷ್ಟೇ ಬರ್ತಿದ್ಲು. ಬೀದಿ ಖಾಲಿ ಇದೆ ಅಂತ ಇವರು ಒಪ್ಪೋದಿಲ್ಲ. ಅದಕ್ಕೆ ಒಬ್ಬ ನೆರೆಯವಳನ್ನ ತಂದು ನಿಲ್ಲಿಸಿದ್ರು. ಯಾರು?"

ಬ್ರೋಕರನ ಎರಡೂ ಫೋನು ಜೇಬಿಗೆ ಹೋದವು.

"ಮಾರೋ ಡಾಕ್ಟ್ರಿಗೆ ಲಾಭ ಇತ್ತು. ಮಾರಿಸೋ ಬ್ರೋಕರ್‌ಗೆ ಲಾಭ ಇತ್ತು. ರೈಟರ್ ಅನುಮಾನನೂ ಅಲ್ಲೇ ಇತ್ತು. ಆದ್ರೆ ಎಲ್ಲರೂ ಬಿಟ್ಟ ಒಂದು ಸಂಗತಿ ಇದೆ." ಮೇಡಂ ದನಿ ತಗ್ಗಿಸಿದರು. "ಅಮ್ಮಾ, ನಿಮ್ಮ ಬಲಗಿವಿ ಯಾವಾಗಿನಿಂದ ಕೇಳಿಸಲ್ಲ?"

ಆಕೆಯ ಕೈ ತಾನಾಗಿಯೇ ಬಲಗಿವಿಯ ಮೇಲಿನ ಕೂದಲಿಗೆ ಹೋಯಿತು.

"ಚಿಕ್ಕವಳಿದ್ದಾಗಿನಿಂದ. ನಾನು... ಯಾರಿಗೂ ಹೇಳಲ್ಲ. ಹೇಳಿದ್ರೆ ಜನ ಗಟ್ಟಿಯಾಗಿ ಕೂಗೋಕೆ ಶುರು ಮಾಡ್ತಾರೆ. ಇಲ್ಲಾಂದ್ರೆ ಮಾತಾಡಿಸೋದೇ ಬಿಡ್ತಾರೆ. ನಿಮಗೆ ಹೇಗೆ ಗೊತ್ತಾಯ್ತು?"

"ನೀವು ಕುರ್ಚಿ ಎಳ್ಕೊಂಡು ನನ್ನನ್ನ ಎಡಕ್ಕೆ ಮಾಡ್ಕೊಂಡ್ರಿ. ಬಲಕ್ಕಿದ್ದ ನಮ್ಮ ರೈಟರಿಗೆ ಉತ್ತರ ಕೊಡಲಿಲ್ಲ. ಈ ಬ್ರೋಕರ್ ಬಲಗಡೆ ನಡೆದಾಗ ನಿಮಗೆ ಕೇಳಿಸಲಿಲ್ಲ. ಅದು ಗತ್ತು ಅಂತ ಅವನು ಅಂದ. ಡಾಕ್ಟ್ರು ಪರದೆ ವಿಷಯ ಎರಡು ಸಲ ಕೇಳಿದ್ರಂತೆ, ಅವರಿಗೂ ಸಿಟ್ಟು. ಅಂದ್ರೆ ಆ ಇಬ್ಬರಿಗೂ ನಿಮ್ಮ ಕಿವಿ ವಿಷಯ ಗೊತ್ತೇ ಇಲ್ಲ. ಈಗ ಹೇಳಿ, ಆ ಹೆಂಗಸಿಗೆ ನೀವು ಅದನ್ನ ಹೇಳಿದ್ದು ಯಾವಾಗ?"

"ಮೂರನೇ ಸಲ."

"ಮೂರನೇ ಸಲ. ಆದ್ರೆ ಮೊದಲನೇ ದಿನ, ನಿಮ್ಮನ್ನ ಇನ್ನೂ ಮಾತಾಡಿಸೋ ಮೊದಲೇ, ಆಕೆ ಗೋಡೆಗುಂಟ ನಿಮ್ಮನ್ನ ದಾಟ್ಕೊಂಡು ಬಂದು ಇನ್ನೊಂದು ಪಕ್ಕ ನಿಂತ್ಲು. ನೀವು ಅದನ್ನ ನಯ ಅಂದ್ಕೊಂಡ್ರಿ. ನಯ ಅಲ್ಲಮ್ಮ. ಯಾವ ಕಿವಿಗೆ ಕೇಳಿಸುತ್ತೆ ಅಂತ ಆಕೆಗೆ ಮೊದಲೇ ಹೇಳಿಕೊಟ್ಟಿದ್ರು. ಹೇಳಿಕೊಡೋರು ಯಾರು? ಮನೆಯವರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ತಂಗಿ ಇಲ್ಲ, ತಂಗಿ ಗಂಡ ತಮ್ಮವರ ಕಡೆ ಹೋಗಿಬಿಟ್ಟಿದ್ದಾರೆ. ಮಗಳು ಅವತ್ತು ಪರೀಕ್ಷೆ ಬರೀತಿದ್ಲು, ನೀವು ಎಲ್ಲಿಗೆ ಹೋಗ್ತೀರಿ ಅನ್ನೋದೂ ಅವಳ ಕೈಲಿರಲಿಲ್ಲ. ಉಳಿದೋರು ಒಬ್ಬರೇ."

ಬ್ರೋಕರ್ ಎದ್ದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

"ಕೀ ಯಾರು ಇಸ್ಕೊಂಡ್ರು?" ಮೇಡಂ ಬ್ರೋಕರನನ್ನು ಕೇಳಿದರು.

ಅವನು ಗಂಡನ ಕಡೆ ಕೈ ತೋರಿಸಿದ. "ಸಾರೇ ಕೇಳಿದ್ರು. ಗಂಡ ಹೆಂಡಿರ ವಿಷಯ, ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಆಕೆ ಗಂಡನ ಮುಖವನ್ನೇ ನೋಡುತ್ತಿದ್ದರು. "ನಿಮ್ಮ ಬಾಯಿಂದ ಹೇಳಿ."

"ನಾನು ಕೆಟ್ಟದ್ದಕ್ಕೆ ಮಾಡಲಿಲ್ಲ ಕಣೇ." ಅವರು ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದರು. "ಕಾರ್ಖಾನೆಯಿಂದ ಬರೋಷ್ಟರಲ್ಲಿ ನನಗೆ ಜೀವವೇ ಇರ್ತಿರಲಿಲ್ಲ, ಅದು ನಿಜ. ಹತ್ರ ಮನೆ ಬೇಕಿತ್ತು, ಅದೂ ನಿಜ. ಆದ್ರೆ ಅದೊಂದೇ ಅಲ್ಲ. ಅಲ್ಲಿ ನೀನು ಬಾಗಿಲು ತೆಗೆದ್ರೆ ಕೆಳಗೆ ನಿನ್ನ ತಂಗಿ ಮನೆ ಬೀಗವೇ ಕಾಣ್ತಿತ್ತು. ದಿನಾ ನೀನು ಮೆಟ್ಟಿಲ ಮೇಲೆ ನಿಂತಿರ್ತಿದ್ದೆ. ನಿನ್ನನ್ನ ಅಲ್ಲಿಂದ ಹೇಗಾದ್ರೂ ಆಚೆ ಕರ್ಕೊಂಡು ಬರ್ಬೇಕಿತ್ತು. ಇಲ್ಲಿ ಯಾರಾದ್ರೂ ಒಬ್ಬರು ಇದ್ದಿದ್ರೆ ನೀನು ಬರ್ತಿದ್ದೆ. ಯಾರೂ ಇರಲಿಲ್ಲ. ಅದಕ್ಕೆ..."

"ಯಾರವಳು?"

"ನಮ್ಮ ಸ್ಟೋರಲ್ಲಿ ಕೆಲಸ ಮಾಡ್ತಾರೆ. ವಾರ್ಷಿಕೋತ್ಸವದ ನಾಟಕದಲ್ಲಿ ಪಾರ್ಟು ಮಾಡ್ತಾರೆ. ಒಲ್ಲೆ ಒಲ್ಲೆ ಅಂದ್ರು. ನಾನೇ ಕಾಡಿ ಬೇಡಿ ಒಪ್ಪಿಸ್ದೆ. ಆಮೇಲೆ 'ಅವರಿಗೆ ಬೇರೆ ಊರಿಗೆ ವರ್ಗ ಆಯ್ತಂತೆ' ಅಂದುಬಿಟ್ರೆ ಆಯ್ತು, ಅಷ್ಟರಲ್ಲಿ ನಿನಗೂ ಒಗ್ಗಿಹೋಗುತ್ತೆ ಅಂದ್ಕೊಂಡೆ. ಲಾರಿ ಇಳಿಸಿದ ಮೊದಲನೇ ಗಳಿಗೇನೇ ನೀನು ಅಲ್ಲಿಗೆ ಓಡ್ತೀಯಾ ಅಂತ ಅಂದ್ಕೊಳ್ಳಲಿಲ್ಲ."

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಸಲೀಸಾಗುತ್ತಿತ್ತು.

"ನನಗೊಂದು ಜೊತೆ ಬೇಕು ಅಂತ ನಿಮಗೆ ಗೊತ್ತಿತ್ತು" ಅಂದರು. "ಗೊತ್ತಿದ್ದೂ ಅದನ್ನ ಬೇರೆಯೋರ ಕೈಲಿ ಕೊಟ್ಟು ಕಳಿಸಿದ್ರಿ. ಮೆಟ್ಟಿಲ ಮೇಲೆ ನಿಂತಿರೋದು ನೋಡ್ತಿದ್ರಲ್ಲ, ನೀವೇ ಬಂದು ಪಕ್ಕದಲ್ಲಿ ಕೂತ್ಕೊಬಹುದಿತ್ತಲ್ಲ?"

ಒಳಕೋಣೆಯ ಬಾಗಿಲಲ್ಲಿ ಮಗಳು ಪುಸ್ತಕ ಎದೆಗೊತ್ತಿಕೊಂಡು ನಿಂತಿದ್ದಳು.

ನಾವು ಹೊರಡುವಾಗ ಆಕೆ ಗೇಟಿನ ತನಕ ಬಂದರು.

"ಮೇಡಂ, ನನ್ನನ್ನ ಅವಳ ಹತ್ರ ಕರ್ಕೊಂಡು ಹೋಗಿ."

"ಜಗಳ ಆಡೋದಕ್ಕಾ?"

"ಅಲ್ಲ. ಒಂದು ಮಾತು ಕೇಳ್ಬೇಕು."

* * *

ಕೆಲಸದ ಹೆಂಗಸರ ಹಾಸ್ಟೆಲ್ಲು. ಮೇಲಿನ ಮಹಡಿಯಲ್ಲಿ ಕೊನೆಯ ರೂಮು. ಒಂದು ಕಬ್ಬಿಣದ ಮಂಚ, ಗೋಡೆಗೆ ಬಡಿದ ಹಲಗೆಯ ಮೇಲೆ ಒಂದು ತಟ್ಟೆ, ಒಂದು ಲೋಟ. ಕಿಟಕಿ ತೆರೆದರೆ ನೀರಿನ ಟ್ಯಾಂಕು.

ಬಾಗಿಲು ತೆಗೆದ ಹೆಂಗಸು ಈಕೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಕ್ಕಾ" ಅಂದಳು. ಆಮೇಲೆ ಆ ಮಾತಿಗೆ ತನಗೆ ಹಕ್ಕಿಲ್ಲವೆಂಬಂತೆ ತುಟಿ ಕಚ್ಚಿಕೊಂಡಳು.

ನಾನು, ಮೇಡಂ ಹೊರಗೇ ನಿಂತೆವು.

"ನಾನು ಮೂರನೇ ಸಲ ಕಿವಿ ವಿಷಯದ ಜೊತೆ ಇನ್ನೊಂದನ್ನೂ ಹೇಳಿದ್ನಲ್ಲ" ಎಂದರು ಆಕೆ. "ದಿನಾ ಸಂಜೆ ನನ್ನ ತಂಗಿ ನಂಬರ್‌ಗೆ ಫೋನ್ ಮಾಡ್ತೀನಿ, ಅದು ಬಂದ್ ಆಗಿದೆ ಅಂತ ಗೊತ್ತಿದ್ದೂ ಮಾಡ್ತೀನಿ ಅಂತ. ಅದನ್ನ ಅವರಿಗೆ ಹೇಳಿದ್ರಾ?"

"ಇಲ್ಲ." ಆ ಹೆಂಗಸು ಅಳುತ್ತಿದ್ದಳು. "ಸಾರ್ ಕೇಳಿದ್ರು. 'ಏನು ಮಾತಾಡ್ತಾಳೆ ನಿಮ್ಮ ಹತ್ರ?' ಅಂತ. ಗಿಡದ ವಿಷಯ, ಅಡುಗೆ ವಿಷಯ ಅಂದೆ. ಮೊದಲನೇ ದಿನ ಅವರು ಹೇಳಿಕೊಟ್ಟಂಗೆ ಆಡ್ದೆ ಅಕ್ಕಾ. ಆಮೇಲೆ ಹೇಳಿಕೊಟ್ಟಿದ್ದು ಮುಗಿದುಹೋಗಿತ್ತು. ನಿಮ್ಮ ಜೊತೆ ಕೂತ್ಕೊಂಡಾಗ ನನಗೂ ಅದು ನನ್ನದೇ ಮನೆ ಅನ್ನಿಸ್ತಿತ್ತು. ಬಸ್ ಹತ್ತಿದ ಮೇಲೆ ನೆನಪಾಗೋದು, ಅಲ್ಲ ಅಂತ."

ಈಕೆ ನಂಬಿದರೋ ಇಲ್ಲವೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ. ಇಷ್ಟು ವರ್ಷ ಹೇಳಿಕೆ ಬರೆದುಕೊಂಡ ನನಗೂ ಗೊತ್ತಾಗಲಿಲ್ಲ.

"ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ" ಅಂದರು ಕೊನೆಗೆ. "ಆದ್ರೆ ನಿಮ್ಮನ್ನ ನೋಡಿದಾಗೆಲ್ಲ ಯಾವುದು ನಿಮ್ಮದು, ಯಾವುದು ಅವರದು ಅಂತ ಹುಡುಕ್ತಾ ಇರ್ತೀನಿ. ಅದು ನನ್ನ ಕೈಲಾಗಲ್ಲ."

ಮೆಟ್ಟಿಲಿಳಿಯುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಮೇಲೆ ಬಾಗಿಲು ಮುಚ್ಚಿದ ಸದ್ದು ಮಾತ್ರ ಬಹಳ ತಡವಾಗಿ ಕೇಳಿಸಿತು.

* * *

ಕೆಲವು ತಿಂಗಳ ಮೇಲೆ ಆಕೆಯಿಂದ ಫೋನು ಬಂತು. ಆ ಮನೆಯನ್ನು ಬಿಟ್ಟರಂತೆ. ಹೊಸ ಮನೆಗೆ ಬನ್ನಿ ಎಂದು ಕರೆದರು. ನಾನು, ಮೇಡಂ ಹೋದೆವು.

ಹಳೇ ಮಾರ್ಕೆಟ್ಟಿನ ಹಿಂದಿನ ಬೀದಿ. ಪುಟ್ಟ ಒಂಟಿ ಮನೆ. ಸುತ್ತ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಕಾರಿಗೆ ಜಾಗವಿಲ್ಲ. ಈ ಸಲ ಬ್ರೋಕರ್ ಇರಲಿಲ್ಲ, ಗಂಡನೂ ಜೊತೆಗೆ ಹೋಗಿರಲಿಲ್ಲ. ಆಕೆ ಒಬ್ಬರೇ ಅಲೆದು ಹುಡುಕಿದ್ದರು.

"ಎಲ್ಲಿ ಹೋದ್ರೂ ಮನೆ ನೋಡೋಕೆ ಮುಂಚೆ ಪಕ್ಕದ ಮನೆ ಬಾಗಿಲು ಬಡಿದೆ. 'ಕುಡಿಯೋಕೆ ನೀರು ಕೊಡ್ತೀರಾ' ಅಂದೆ" ಎಂದು ನಕ್ಕರು. "ಒಬ್ಬರು ಕಿಟಕೀಲೇ ಲೋಟ ಕೊಟ್ಟು ಮುಚ್ಕೊಂಡ್ರು. ಇನ್ನೊಬ್ಬರು ಬೈದ್ರು. 'ಈ ಬಿಸಿಲಲ್ಲಿ ಯಾಕಮ್ಮ ಅಲೀತೀಯಾ, ಬುದ್ಧಿ ಇಲ್ವಾ?' ಅಂತ. ಬೈದೋರ ಪಕ್ಕದ ಮನೆ ತಗೊಂಡೆ."

ಗಂಡ ಟೀ ತಂದಿಟ್ಟರು. ಇಬ್ಬರ ನಡುವೆ ಮಾತು ಇನ್ನೂ ಅಳೆದು ತೂಗಿಯೇ ನಡೆಯುತ್ತಿತ್ತು. ಅವರೀಗ ಮತ್ತೆ ದೂರದ ಬಸ್ಸು ಹಿಡಿದು ಕಾರ್ಖಾನೆಗೆ ಹೋಗುತ್ತಾರೆ. ಬಂದಮೇಲೆ ಸುಸ್ತಾಗಿದ್ದರೂ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂರುತ್ತಾರಂತೆ. "ಏನೂ ಮಾತಾಡಲ್ಲ" ಎಂದರು ಆಕೆ. "ಕೂತಿರ್ತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಮೇಡಂ ಕಿಟಕಿ ಪಕ್ಕ ಕೂತಿದ್ದರು. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ, ಕೇಸಿನ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಅಪರೂಪ. ಇದ್ದಕ್ಕಿದ್ದಂತೆ ಕೇಳಿದರು:

"ರೈಟರೇ, ನಿಮ್ಮ ಪಕ್ಕದ ಮನೇಲಿ ಯಾರಿದ್ದಾರೆ?"

ನಾನು ಯೋಚನೆ ಮಾಡಿದೆ.

"ಯಾರೋ ಒಬ್ಬರು ಕೆಮ್ತಾರೆ ಮೇಡಂ. ಗಂಡಸು ಅನ್ಸುತ್ತೆ."

ಮೇಡಂ ನಗಲಿಲ್ಲ. ಅವರ ಸ್ಟಾಪು ಬಂತು. ಎದ್ದು, ಕಂಬಿ ಹಿಡಿದುಕೊಂಡು, ಚೀಲ ಹೆಗಲಿಗೇರಿಸಿಕೊಂಡರು.

"ನಮ್ಮ ಕಡೆ ಅದೂ ಕೇಳಿಸಲ್ಲ" ಎಂದು ಹೇಳಿ ಇಳಿದುಹೋದರು.